ಮದ್ದು ಫಲಿಸಲಿಲ್ಲ

ನಮ್ಮ ಕಡೆಯ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳು ಸದಾ ಅನಾಥ. ವಿನಯವೋ, ಬೇಗ ಜಾರಿಕೊಳ್ಳುವ ದೂರದೃಷ್ಟಿಯೋ, ಎಲ್ಲರೂ ಬಾಗಿಲ ಹತ್ತಿರವೇ ಆಸೀನರಾಗುತ್ತಾರೆ. ಆದ್ದರಿಂದ, ಕಾಸರಗೋಡು ಇನ್ನೂ ಮದ್ರಾಸಿನ ಆಡಳಿತದಲ್ಲಿದ್ದ ಆ ಕಾಲದಲ್ಲಿ, ಪೆರ್ಲದ ನಮ್ಮ ಶಾಲೆಯಲ್ಲಿ ಮುಂದಿನ ಸಾಲೇ ಮೊದಲು ತುಂಬಿದ್ದನ್ನು ಕಂಡು ನನ್ನ ಎದೆ ಧಸಕ್ಕೆಂದಿತು.

ತೆಂಗಿನ ಸುಳಿ ಕೊಳೆಯುವ ರೋಗಕ್ಕೆ ಮದ್ದು ಹುಡುಕಲು ಸರಕಾರ ಪ್ರಯೋಗದ ತೋಟವೊಂದನ್ನು ಮಾಡಿ ವರ್ಷಗಳೇ ಕಳೆದಿದ್ದವು. ಅದರ ಫಲವನ್ನು ಬೆಳೆಗಾರರಿಗೆ ತಿಳಿಸಲು ಗೋಪಾಲನ್ ಎಂಬ ತರುಣ ವಿಜ್ಞಾನಿ ತಮ್ಮ ಮೇಲಧಿಕಾರಿಯೊಡನೆ ಬಂದಿದ್ದರು. ಅವರ ಇಂಗ್ಲಿಷನ್ನು ಕನ್ನಡಕ್ಕಿಳಿಸುವ ಘನಕಾರ್ಯ, ಇಂಗ್ಲಿಷ್ ಬಲ್ಲವನೆಂಬ ಅಪವಾದ ಹೊತ್ತಿದ್ದ ಮಾಸ್ತರನಾದ ನನ್ನದು.

ಪ್ರಯೋಗ ಆಶಾದಾಯಕವಾಗಿದೆ ಎಂದರು ಮೇಲಧಿಕಾರಿ. ನಾನು ಅನುವಾದಿಸಿ ಮುಗಿಸುವಷ್ಟರಲ್ಲಿ ಹತ್ತಿರದ ಬಾಯಾರು ಊರಿನ ಪರಮೇಶ್ವರಿಯಮ್ಮ ಎದ್ದು ನಿಂತರು. ಗಂಡ ತೀರಿಕೊಂಡ ಮೇಲೆ ತೋಟವನ್ನು ತಾವೇ ನಡೆಸುತ್ತಿದ್ದವರು.

“ಆಶೆ ನಮ್ಮಲ್ಲೇ ಧಾರಾಳ ಉಂಟು ಮಾಷ್ಟ್ರೇ. ನಾವು ಸರಕಾರಕ್ಕೆ ಕಟ್ಟಿದ ತೀರ್ವೆಯ ದುಡ್ಡಲ್ಲಿ ಇವರು ಇಷ್ಟು ವರ್ಷ ಎಂತ ಮಾಡಿದ್ದು, ಕೇಳಿ. ಮದ್ದು ಹಾಕಿದ್ರೆ ಮರ ಬದುಕ್ತದಾ ಇಲ್ವಾ? ಆ ಮದ್ದಿನ ದುಡ್ಡಿಗೋಸ್ಕರ ಗದ್ದೆ ಮಾರ್ಲಿಕ್ಕೆ ಮಾತಾಡಿ ಇಟ್ಟಿದ್ದೇನೆ.”

ನಾನು ಅದನ್ನು ಇಂಗ್ಲಿಷಿಗಿಳಿಸಿದೆ. ಗೋಪಾಲನ್ ಮೆಲ್ಲನೆ ಎದ್ದು ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದರು. ಮೇಲಧಿಕಾರಿ ನನ್ನತ್ತ ಬಾಗಿ, “ಪ್ರಯೋಗ ಮುಂದುವರಿದಿದೆ ಎಂದಷ್ಟೇ ಹೇಳಿ” ಎಂದು ಅದೇ ಭಾಷೆಯಲ್ಲಿ ಪಿಸುಗುಟ್ಟಿದರು. ಶಾಲೆಯೂ ಸರಕಾರದ್ದೇ, ನನ್ನ ಅನ್ನವೂ ಸರಕಾರದ್ದೇ. ಆದರೆ ಆ ಹೆಂಗಸಿನ ಕಣ್ಣು ನನ್ನ ಬಾಯಿಯ ಮೇಲೆಯೇ ಇತ್ತು.

“ಮದ್ದು ಫಲಿಸಲಿಲ್ಲವಂತೆ,” ಎಂದೆ. “ಮದ್ದು ಹಾಕಿದ ಮರವೂ ಹಾಕದ ಮರವೂ ಒಂದೇ ತೆರನಾಗಿ ಸತ್ತವಂತೆ.”

ನನ್ನ ಮೇಲೆ ನಂಬಿಕೆ ಸಾಲದೆಂಬಂತೆ ಗೋಪಾಲನ್ ತಮ್ಮ ಹರುಕು ಕನ್ನಡದಲ್ಲಿ ಸೇರಿಸಿದರು: “ಅಮ್ಮಾ, ಗದ್ದೆ ಮಾರುವುದು ಬೇಡ.”

ಗದ್ದಲವೆದ್ದಿತು. “ಹಾಗಾದ್ರೆ ಈ ತೋಟ ಎಂತಕ್ಕೆ? ಮುಚ್ಚಿಬಿಡಿ!” ಎಂದು ಹಿಂದಿನಿಂದ ಯಾರೋ ಕೂಗಿದರು. ಮೇಲಧಿಕಾರಿಯ ಮುಖ ಕಪ್ಪಿಟ್ಟಿತು.

ಪರಮೇಶ್ವರಿಯಮ್ಮ ಕೂಗಿದವನತ್ತ ತಿರುಗಿದರು. “ಸುಮ್ಮನಿರು ಮಾರಾಯ. ಇಲ್ಲದಿದ್ರೆ ಇದನ್ನು ನಾನು ಗದ್ದೆ ಕಳಕೊಂಡು ಕಲೀಬೇಕಿತ್ತು. ಇವರು ಕಲಿತು ಹೇಳಿದ್ರಲ್ಲ.” ಮತ್ತೆ ಗೋಪಾಲನ್ ಅವರತ್ತ ನೋಡಿ, “ಇನ್ನೊಂದು ಮದ್ದು ನೋಡಿ. ಅದೂ ಆಗದಿದ್ರೆ ಹೀಗೇ ಬಂದು ಹೇಳಿ,” ಎಂದರು.

ಹೇಳಲು ಗೋಪಾಲನ್ ಉಳಿಯಲಿಲ್ಲ. ಕೆಲವೇ ತಿಂಗಳಲ್ಲಿ ಅವರಿಗೆ ದೂರದೂರಿಗೆ ವರ್ಗವಾಯಿತು. ನನ್ನನ್ನೂ ಮತ್ತೆ ಯಾವ ಅಧಿಕಾರಿಯೂ ಅನುವಾದಕ್ಕೆ ಕರೆಯಲಿಲ್ಲ, ಇಂಗ್ಲಿಷಿಗೂ ನನಗೂ ಅದರಿಂದ ಒಳ್ಳೆಯದೇ ಆಯಿತು. ಆದರೆ ಬೆಳೆಗಾರರು ಆಮೇಲೆ ವರ್ಷವರ್ಷವೂ ತಾವಾಗಿಯೇ ಪ್ರಯೋಗದ ತೋಟಕ್ಕೆ ಹೋಗತೊಡಗಿದರು. ಹೊಸ ಅಧಿಕಾರಿ ಹಸಿರಾಗಿ ನಿಂತ ತೆಂಗಿನ ಸಾಲಿನತ್ತ ನಗುತ್ತ ಕೈತೋರಿದರೆ, ಪರಮೇಶ್ವರಿಯಮ್ಮ ಹೇಳುತ್ತಿದ್ದರು: “ಅದು ಮತ್ತೆ ನೋಡುವ. ಮೊದಲು ಸತ್ತದ್ದನ್ನು ತೋರಿಸಿ.”