ಪಂಪ್‌ಮನೆಯ ಚಿಲಕ
ಸಖರಾಯಪಟ್ಟಣದಾಚೆಯ ಒಂಟಿ ತೋಟದ ಮನೆಯಲ್ಲಿರುವ ಓಂಕಾರಪ್ಪನವರು ದೊಣ್ಣೆಯಿಲ್ಲದೆ ಬಚ್ಚಲಿಗೂ ಹೋಗುವವರಲ್ಲ. ಸೊಂಟದಲ್ಲಿ ಮಚ್ಚು, ಕೊರಳಲ್ಲಿ ಸೀಟಿ, ಜೇಬಿನಲ್ಲಿ ಖಾರದಪುಡಿ. ಕಡೂರು ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ, "ಕಳ್ಳ ಬಂದ್ರೆ ನಮ್ಮ ಬೆನ್ನು ಗೋಡೆಗಿರ್ಬೇಕು, ಕಣ್ಣು ಅವನ ಕೈ ಮೇಲಿರ್ಬೇಕು ಕಣ್ರೀ" ಎಂದು ಪಾಠ ಹೇಳುತ್ತಾರೆ; ಇಳಿಯುವ ಊರು ದಾಟಿದರೂ ಪಾಠ ಮುಗಿಯದು. ಮೊನ್ನೆ ಹಾಡಹಗಲೇ ಇಬ್ಬರು ಮೋಟಾರಿನ ಕೇಬಲ್ ಕದಿಯಲು ತೋಟಕ್ಕೆ ನುಗ್ಗಿದರು. ಓಂಕಾರಪ್ಪನವರು ಓಡಿಹೋಗಿ ಪಂಪ್‌ಮನೆ ಸೇರಿ ಚಿಲಕ ಹಾಕಿಕೊಂಡರು. ಹೆಂಡತಿ ಗುರುಶಾಂತಮ್ಮ ಹೊರಗಿದ್ದಾರೆಂದು ನೆನಪಾದ ಮೇಲೂ ಅದನ್ನು ತೆಗೆಯಲಿಲ್ಲ. ಆಕೆ ಸೌದೆ ಬೀಸುತ್ತ, ಕೂಗುತ್ತ ಕಳ್ಳರನ್ನು ಬೇಲಿಯಾಚೆಗೆ ಓಡಿಸಿದರು. ಸಂಜೆ ವಿಚಾರಿಸಲು ಬಂದ ನೆರೆಯವರಿಗೆ ಗುರುಶಾಂತಮ್ಮ, "ನಮ್ಮನೆಯವ್ರು ಇದ್ರಲ್ಲ, ಅದ್ಕೇ ಕಳ್ಳರು ಓಡೋದ್ರು" ಎಂದರು. ಎಲ್ಲರೂ ಯಜಮಾನರಿಗೆ ಭೇಷ್ ಎಂದರು. ಹೆಂಡತಿಯ ತರಚಿದ ಮೊಣಕೈಗೆ ಅರಿಶಿನ ಹಚ್ಚುತ್ತಿದ್ದ ಓಂಕಾರಪ್ಪನವರು ತಲೆಯೆತ್ತಲಿಲ್ಲ.