ಬೆಟ್ಟಮ್ಮನ ಬಿಸಿ ದೋಸೆ

ಗೊರೂರಿನ ಬಸ್ ನಿಲ್ದಾಣದ ಎದುರು ನಮ್ಮದೊಂದು ಹೋಟೆಲ್ ಇದೆ. ಹೋಟೆಲ್ ಎಂದರೆ ನಾಲ್ಕು ಮೇಜು, ಹಿಂದುಗಡೆ ಒಂದು ಕಾವಲಿ. ದೋಸೆ ಹುಯ್ಯುವವರು ನಮ್ಮತ್ತೆ ಬೆಟ್ಟಮ್ಮ. ಸಪ್ಲೈ ಮಾವ ತಿಮ್ಮಪ್ಪನವರದು. ಗಲ್ಲಾಪೆಟ್ಟಿಗೆಯ ಜೊತೆಗೆ ಎಲ್ಲರನ್ನೂ ಬಯ್ಯುವ ಕೆಲಸ ಸೊಸೆಯಾದ ನನ್ನದು. ಅತ್ತೆಯ ದೋಸೆಯನ್ನು ಡ್ಯಾಮ್ ಕ್ವಾರ್ಟರ್ಸಿನವರೆಲ್ಲ ಹೊಗಳುತ್ತಾರೆ. ಆದರೆ ಅದು ಬಿಸಿಯಾಗಿದ್ದಾಗ ಹೇಗಿರುತ್ತದೆಂದು ಅತ್ತೆಗೇ ಗೊತ್ತಿಲ್ಲ. ಗಿರಾಕಿಗಳದೆಲ್ಲ ಮುಗಿದ ಮೇಲೆ, ಹರಿದದ್ದೋ ಸೀದದ್ದೋ ಒಂದು ತಣ್ಣಗಿನ ದೋಸೆಯನ್ನು ನಿಂತುಕೊಂಡೇ ಬಾಯಿಗೆ ಹಾಕಿಕೊಂಡರೆ ಅವರ ತಿಂಡಿ ಆಯಿತು. ಮದುವೆಯಾಗಿ ಬಂದಾಗಿನಿಂದ ಇದನ್ನು ನೋಡಿ ನೋಡಿ ನನ್ನ ಹೊಟ್ಟೆ ಉರಿದಿದೆ.

ಕಳೆದ ತಿಂಗಳು ಹೋಟೆಲ್ ಮುಂದಿನ ರಸ್ತೆಗೆ ಕಾಂಕ್ರೀಟ್ ಹಾಕಲು ಬಂದವರು ಒಂದು ದಿನ ಬಾಗಿಲು ಮುಚ್ಚಿ ಎಂದರು. ಮಾವ ತಲೆಯ ಮೇಲೆ ಕೈ ಹೊತ್ತು ಕೂತರು. ನನಗೋ ಹಬ್ಬ.

"ನಾಳೆ ಹಾಸನಕ್ಕೆ ಹೋಗಣ. ಅತ್ತೆ ಕೂತ್ಕಂಡು ಬಿಸಿ ದೋಸೆ ತಿನ್ಬೇಕು, ಅಷ್ಟೇಯ" ಎಂದೆ.

ಹಸಿ ಕಾಂಕ್ರೀಟಿನ ಮೇಲೆ ನಾಯಿ ನಡೆಯದಂತೆ ಕಾಯಲು ನನ್ನ ಗಂಡ ಉಳಿದುಕೊಂಡ. ನಾವು ಮೂವರು ಬೆಳಗಿನ ಬಸ್ಸು ಹತ್ತಿದೆವು. ಅತ್ತೆಯ ಕೈಚೀಲದಲ್ಲಿ ಒಂದು ಡಬ್ಬಿ ಚಟ್ನಿ ಇತ್ತು. ಯಾಕೆಂದು ಕೇಳಿದೆ.

"ಓಟ್ಲು ಚಟ್ನೀನ ಎಂಗವ್ವಾ ನಂಬದು?" ಎಂದರು, ಹೋಟೆಲಿನಲ್ಲೇ ತಲೆ ನೆರೆಸಿಕೊಂಡ ಹೆಂಗಸು!

ಹಾಸನದಲ್ಲಿ ಬಿ.ಎಂ. ರಸ್ತೆಯ ದೊಡ್ಡದೊಂದು ಹೋಟೆಲಿಗೆ ನುಗ್ಗಿ ಮೂರು ಬೆಣ್ಣೆ ಮಸಾಲೆ ಹೇಳಿದೆ. ಹೊಗೆಯಾಡುತ್ತ ಬಂದವು. ಅತ್ತೆ ತಟ್ಟೆಯನ್ನು ಮುಟ್ಟಲಿಲ್ಲ.

"ನೀವು ತಿನ್ನಿ. ಎಲ್ರುದೂ ಆಗ್ಲಿ."

ನಾನು ಗದರಿದ್ದಕ್ಕೆ ತಮ್ಮ ದೋಸೆಯನ್ನು ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದರು. ಇನ್ನೊಂದು ಚೂರು ಮಾವನ ತಟ್ಟೆಗೆ ಹೋಯಿತು. ಉಳಿದದ್ದು ಚೆನ್ನಾಗಿ ಆರಿದ ಮೇಲೆ, ತಾವು ತಂದ ಚಟ್ನಿಯಲ್ಲಿ ಅದ್ದಿ ತಿಂದರು.

ಅಷ್ಟರಲ್ಲಿ ಮಾವನ ಪ್ರತಾಪ ಶುರುವಾಗಿತ್ತು. ಅಭ್ಯಾಸಬಲ ನೋಡಿ, ತಿಂದು ಎದ್ದವರೇ ನಮ್ಮ ತಟ್ಟೆಗಳನ್ನು ಜೋಡಿಸಿಕೊಂಡು, ಪಕ್ಕದ ಮೇಜಿನ ಲೋಟಗಳನ್ನೂ ಎತ್ತಿದರು. ಹೆಗಲ ಮೇಲೆ ಟವೆಲ್ ಬೇರೆ. ಅಲ್ಲಿ ಕೂತಿದ್ದ ಕನ್ನಡಕದವರು ತಲೆಯೆತ್ತದೆ, "ಎರಡು ಕಾಫಿ, ಒಂದಕ್ಕೆ ಸಕ್ಕರೆ ಬೇಡ" ಎಂದರು.

"ಬಂತು ಸಾ!" ಎಂದು ಮಾವ ಹೋಗಿ ತಂದೂ ಕೊಟ್ಟರು. ನಿಜವಾದ ಸಪ್ಲೈಯರ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಕ್ಕು ನಕ್ಕು ನಾನು ಕುಡಿಯುತ್ತಿದ್ದ ನೀರು ನೆತ್ತಿಗೇರಿತು.

ಆಮೇಲೆ ಕಟ್ಟಿನಕೆರೆ ಮಾರ್ಕೆಟ್ ಸುತ್ತಿದೆವು. ನಾನು ಬಳೆ ತೋರಿಸಿದರೆ ಅತ್ತೆ ಕಾವಲಿ ನೋಡುತ್ತಿದ್ದರು. ಮಹಾರಾಜ ಪಾರ್ಕಿನಲ್ಲಿ ಬೂಟು ಹಾಕಿಕೊಂಡು ಬಿರುಸಾಗಿ ನಡೆಯುವ ಹೆಂಗಸರನ್ನು ಕಂಡು, "ಪಾಪ, ಬಸ್ಸು ತಪ್ಪೋಯ್ತೇನೋ" ಎಂದು ಮರುಗಿದರು. ಚುರುಮುರಿ ಕೊಡಿಸಿದೆ, ಮುಕ್ಕಾಲು ನನ್ನ ಕೈಗೇ ಬಂತು. ಕಬ್ಬಿನ ಹಾಲನ್ನಂತೂ ಮುರಿದು ಹಂಚಲು ಬರುವುದಿಲ್ಲವಲ್ಲ ಎಂದು ಅದನ್ನೂ ಕೊಡಿಸಿದೆ. ಅರ್ಧ ಲೋಟ ಮಾವನ ಲೋಟಕ್ಕೆ ಸುರಿದರು. ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. ಅತ್ತೆ ಕೈ ತೊಳೆಯಲು ನಲ್ಲಿಯ ಕಡೆ ಹೋದಾಗ ಮಾವನನ್ನು ಹಿಡಿದುಕೊಂಡೆ.

"ಯಾರೋ ಗೊತ್ತಿಲ್ದೋರಿಗೆ ಕಾಫಿ ತಂದ್ಕೊಟ್ರಿ. ಇಷ್ಟು ವರ್ಷ ಅತ್ತೆ ಕೈಯಿಂದ ದೋಸೆ ಈಸ್ಕಂಡು ಊರಿಗೆಲ್ಲ ಕೊಟ್ರಿ. ಒಂದಿನ ಅವರ ಮುಂದೆ ಒಂದು ತಟ್ಟೆ ಇಟ್ಟಿದ್ದೀರಾ ಮಾವ?"

ಮಾವನ ಮುಖ ಸಣ್ಣದಾಯಿತು. ಬಾಯಿ ಜಾಸ್ತಿಯಾಯಿತೇನೋ ಎಂದು ಸ್ವಲ್ಪ ಹೆದರಿದೆ, ಆದರೆ ಆಡಿದ್ದಕ್ಕೆ ಬೇಜಾರಾಗಲಿಲ್ಲ.

ಸಂಜೆ ವಾಪಸು ಬಸ್ಸಿಗೆ ಮುಂಚೆ ಮಾವನೇ ನಮ್ಮನ್ನು ನಿಲ್ದಾಣದ ಹತ್ತಿರದ ಸಣ್ಣ ಹೋಟೆಲಿಗೆ ಕರೆದುಕೊಂಡು ಹೋದರು. ನನಗೊಂದು, ತಮಗೊಂದು ಸಾದಾ ದೋಸೆ ಹೇಳಿದರು. ಅತ್ತೆಗೆ ಹೇಳಲಿಲ್ಲ. ನಾನು ಕಣ್ಣು ಕೆಕ್ಕರಿಸಿದೆ. ಸುಮ್ಮನೆ ತಿನ್ನು ಎಂದು ಸನ್ನೆ ಮಾಡಿದರು. ನಾವು ತಿನ್ನುವುದನ್ನು ಅತ್ತೆ ನೆಮ್ಮದಿಯಾಗಿ ನೋಡುತ್ತ ಕೂತರು.

ನಮ್ಮ ತಟ್ಟೆ ಖಾಲಿಯಾದ ಮೇಲೆ ಮಾವ ಎದ್ದು ಕಾವಲಿಯ ಹತ್ತಿರ ಹೋಗಿ, ಭಟ್ಟರ ಕಿವಿಯಲ್ಲಿ ಏನೋ ಹೇಳಿ ಅಲ್ಲೇ ನಿಂತರು. ದೋಸೆ ಎದ್ದದ್ದೇ ತಡ, ತಟ್ಟೆ ಹಿಡಿದು ಓಡೋಡಿ ಬಂದು ಅತ್ತೆಯ ಮುಂದೆ ಇಟ್ಟರು.

"ನಮ್ದೆಲ್ಲಾ ಆಯ್ತು ಕಣಮ್ಮಿ. ಕೊಡಕ್ಕೆ ಇನ್ಯಾರೂ ಇಲ್ಲ. ಆರೋಗೋದ್ರೊಳಗೆ ತಿನ್ನು."

ಅತ್ತೆ ನನ್ನ ಮುಖ ನೋಡಿದರು. ನಾನು, "ನಂಗೆ ಬ್ಯಾಡಪ್ಪ, ಹೊಟ್ಟೆ ಬಿರೀತೈತೆ" ಎಂದು ನನ್ನ ತಟ್ಟೆಯನ್ನು ಪಕ್ಕದ ಮೇಜಿಗೆ ದಾಟಿಸಿದೆ. ಅತ್ತೆ ದೋಸೆಗೆ ಕೈ ಹಾಕಿದರು. ಚುರ್ರೆಂದಿರಬೇಕು, ಬೆರಳಿಗೆ ಉಫ್ಫೆಂದು ಗಾಳಿ ಊದಿ ನಕ್ಕರು. ಆಮೇಲೆ ತಲೆಯೆತ್ತಲಿಲ್ಲ. ಗರಿಗರಿ ಅಂಚಿನಿಂದ ಶುರುಮಾಡಿ ಕೊನೆಯ ಚೂರಿನವರೆಗೂ ತಿಂದರು. ಮಾವ ಪಕ್ಕದಲ್ಲೇ ನಿಂತಿದ್ದರು, ಕೂರಲಿಲ್ಲ. ನನಗೆ ಅಳು ಬಂತು, ಅದರಲ್ಲಿ ಮುಚ್ಚಿಡುವುದೇನಿದೆ.

"ಉಪ್ಪು ಒಂಚೂರು ಜಾಸ್ತಿ" ಎಂದರು ಅತ್ತೆ. ಆಮೇಲೆ ಖಾಲಿ ತಟ್ಟೆಯನ್ನು ಮಾವನ ಕಡೆಗೆ ಮೆಲ್ಲಗೆ ತಳ್ಳಿದರು.

"ಇನ್ನೊಂದ್ ತತ್ತೀರಾ?"

ಅತ್ತೆ ತಮಗೆಂದು ಏನನ್ನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು.