ಗಯಾಬಾಯಿ ಮತ್ತು ನಿಲ್ಲದ ಮಾಲಕರು

"ಇತ್ತಿತ್ಲಾಗ ಮಾಲಕರು ಒಂದ್ಕಡಿ ನಿಲ್ಲೂದೇ ಇಲ್ರಿ" ಎಂಬುದು ಹುಮನಾಬಾದಿನ ಬಸ್ ನಿಲ್ದಾಣದೆದುರಿನ ಖಾನಾವಳಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಜೋಳದ ರೊಟ್ಟಿ ಬಡಿಯುತ್ತಿರುವ ಗಯಾಬಾಯಿಯ ಕಾಯಂ ದೂರು. ಬಸವಕಲ್ಯಾಣದಿಂದ ಬಂದ ಮೊದಲ ಮಾಲಕ ಹನ್ನೊಂದು ವರ್ಷ ಬಾಳಿದ, ಅವನ ಬಗ್ಗೆ ಅವಳಿಗೆ ಗೌರವವಿದೆ. ಎರಡನೆಯವನು "ಅರ್ಧಕ್ಕ ಓಡಿ ಹೋದಾಂವ". ಮೂರನೆಯವನಿಗೆ "ಕೆಲಸದಾಗ ಧ್ಯಾನಾನೇ ಇರ್ಲಿಲ್ಲ". ಹೊಸ ಮಾಲಕ ಬಂದ ದಿನ ಅವಳು ಬೇಕೆಂದೇ ಒಂದು ರೊಟ್ಟಿ ಸೀಯಿಸಿ ಅವನ ತಟ್ಟೆಗೆ ಹಾಕುತ್ತಾಳೆ. ಸುಮ್ಮನೆ ತಿಂದರೆ ಪಾಸು, ಕೂಗಾಡಿದರೆ "ಇಂವ ವರ್ಷ ದಾಟಂಗಿಲ್ಲ" ಎಂದು ಅಡುಗೆಮನೆಗೆಲ್ಲ ಸಾರುತ್ತಾಳೆ. ಈಗ ಬಂದಿರುವ ನಾಲ್ಕನೆಯವನು, ಮುಡಬಿಯ ಸಂಜೀವಕುಮಾರ, ಸುಮ್ಮನೆ ತಿಂದ. ತಿಂದದ್ದಲ್ಲದೆ ಎಲ್ಲ ಕೆಲಸಗಾರರಿಗೂ ಕೊರಳಿಗೆ ಹಾಕುವ ಗುರುತಿನ ಕಾರ್ಡು ಮಾಡಿಸಿದ. ಊಟಕ್ಕೆ ಹೋದ ನನ್ನನ್ನು ಅವಳು ಒಲೆಯ ಬಳಿಗೆ ಕರೆದಳು. ಹಿಟ್ಟಿನ ಕೈ ತಾಗೀತೆಂದು ಕಾರ್ಡನ್ನು ಮುಟ್ಟದೆ, ಗದ್ದ ಮೇಲೆತ್ತಿ, "ಏನ್ ಬರ್ದಾರ ಓದ್ರಿ ಅಣ್ಣಾರ" ಎಂದಳು. ಹೆಸರು ಓದಿದೆ, ನಕ್ಕಳು. ಕೆಲಸಕ್ಕೆ ಸೇರಿದ ದಿನ ಓದಿದೆ: ಹೋದ ಸೋಮವಾರದ ತಾರೀಖು, ಹೊಸ ಮಾಲಕ ಬಂದ ದಿನ. ಬಡಿಯುತ್ತಿದ್ದ ಕೈ ನಿಂತಿತು. "ಹಂಗಾರ ಅದಕ್ಕೂ ಮೊದಲ ಇಲ್ಲಿ ರೊಟ್ಟಿ ಬಡದಾಕಿ ಯಾರ್ರಿ?"